ಕುಡಿತ ಬಿಟ್ಟ ಮೇಲೆ ಹೊಟ್ಟೆ ಉಬ್ಬರ, ತೂಕ ಜಾಸ್ತಿ: ನಿಮಗೂ ಹೀಗೇ ಆಗಿತ್ತಾ?

ಬೈತಖೋಲ್ ಬೋಟ್ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಾನು ಬೋಟಿನಲ್ಲಿ ದುಡಿಯುವವನು. ಈ ಸಲ ಮೀನುಗಾರಿಕೆ ಬಂದ್ ಇದ್ದಾಗಲೇ ಕುಡಿತ ಬಿಟ್ಟೆ. ಜೂನ್, ಜುಲೈ ಎರಡು ತಿಂಗಳು ಬೋಟು ಬಂದರಿನಲ್ಲಿ ಕಟ್ಟಿರುತ್ತದೆ. ಕೈಗೆ ಕೆಲಸ ಇಲ್ಲ, ಹೊರಗೆ ಮಳೆ. ನಮ್ಮಲ್ಲಿ ಜಾಸ್ತಿ ಕುಡಿಯುವುದು ಆ ಎರಡು ತಿಂಗಳಲ್ಲೇ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ರೇಟೂ ಕಮ್ಮಿ. ಅದಕ್ಕೇ ಬಿಟ್ಟರೆ ಆವಾಗಲೇ ಬಿಡಬೇಕು ಅಂತ ಹಠ ಹಿಡಿದೆ. ಆಸ್ಪತ್ರೆಗೆ ಅಡ್ಮಿಟ್ ಆಗಿ, ಮಾತ್ರೆ ತಗೊಂಡು, ಕೈನಡುಕ ಪೂರ್ತಿ ನಿಂತ ಮೇಲೆ ಮನೆಗೆ ಬಂದೆ. ಇವತ್ತಿನವರೆಗೆ ಮುಟ್ಟಿಲ್ಲ.

ಈಗಿನ ತೊಂದರೆ ಬೇರೆ. ಹೊಟ್ಟೆ ಉಬ್ಬುತ್ತಿದೆ. ಊಟ ಆಗಿ ಸ್ವಲ್ಪ ಹೊತ್ತಿಗೇ ಬಿಗಿಯುತ್ತದೆ, ತೇಗು ಬರುತ್ತದೆ, ರಾತ್ರಿ ಮಗ್ಗುಲಾಗಿ ಮಲಗಲು ಕಷ್ಟ. ಪ್ಯಾಂಟಿನ ಗುಂಡಿ ಕೂರುತ್ತಿಲ್ಲ. ಬಲೆ ಎಳೆಯಲು ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತದೆ. ಕುಡಿಯುವುದು ಬಿಟ್ಟರೆ ಹೊಟ್ಟೆ ಇಳಿಯಬೇಕು ಅಲ್ವಾ? ನನಗೆ ಏರುತ್ತಿದೆ. ಬೋಟಿನ ದೋಸ್ತರು, "ನಿನ್ನ ಮೈಗೆ ಅದು ಬೇಕೇ ಬೇಕು, ಒಂದು ನೈಂಟಿ ಹಾಕು, ಗ್ಯಾಸ್ ಇಳಿಯುತ್ತದೆ" ಅನ್ನುತ್ತಾರೆ. ಅವರು ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಕೇಳುತ್ತಿದ್ದೇನೆ. ಬಿಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹೊನ್ನಾವರ ಲಾರಿ

ಅಣ್ಣಾ, ನನಗೂ ಹೀಗೇ ಆಗಿತ್ತು. ಮೊದಲೆರಡು ವಾರ ಮುಖ, ಪಾದ ಎರಡೂ ಊದಿತ್ತು. ಆಮೇಲೆ ಇಳಿಯಿತು. ದೊಡ್ಡವರು ಬಂದು ಹೇಳುತ್ತಾರೆ, ಇರಿ. ದೋಸ್ತರ ಮಾತು ಮಾತ್ರ ಕೇಳಬೇಡಿ ಮಾರಾಯ್ರೇ.

ಅಘನಾಶಿನಿ ದಡ (ಕುಮಟಾ)

ತಮ್ಮಾ, ಮೊದಲು ಒಂದು ಮಾತು. ಬೋಟು ಕಟ್ಟಿದ ತಿಂಗಳಲ್ಲಿ ಬಿಟ್ಟೆ ಅಂದೆಯಲ್ಲ, ಅದು ಸಣ್ಣ ಕೆಲಸ ಅಲ್ಲ. ನಾನು ಬಿಟ್ಟು ವರ್ಷಗಳಾದವು. ಬಿಟ್ಟವರ ಜೊತೆ ವಾರವಾರ ಕೂತು ಮಾತಾಡುತ್ತೇನೆ. ಹೊಟ್ಟೆಯ ಕಾರಣಕ್ಕೇ ವಾಪಸ್ ಬಾಟಲಿಗೆ ಹೋದವರನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಇದು ಚಿಲ್ಲರೆ ವಿಷಯ ಅಂತ ಯಾರೂ ಅಂದುಕೊಳ್ಳಬಾರದು.

"ನೈಂಟಿ ಹಾಕಿದರೆ ಗ್ಯಾಸ್ ಇಳಿಯುತ್ತದೆ" ಅನ್ನುವುದು ಸುಳ್ಳು. ಹೊಟ್ಟೆಯ ಒಳಪದರ ಕೆಂಪಾಗಿ ಉರಿಯುವುದು ಕುಡಿತದಿಂದಲೇ. ಕರುಳಿನ ಓಟ ಏರುಪೇರಾಗುವುದೂ ಅದರಿಂದಲೇ. ಮೈಯಲ್ಲಿ ಆಲ್ಕೋಹಾಲ್ ಇದ್ದರೆ ಲಿವರ್ ಮೊದಲು ಅದನ್ನು ಸುಡುತ್ತದೆ. ತಿಂದ ಎಣ್ಣೆ, ಕೊಬ್ಬು ಸುಡುವ ಕೆಲಸ ಹಿಂದೆ ಬೀಳುತ್ತದೆ, ಲಿವರಿನಲ್ಲೇ ಕೊಬ್ಬು ಕೂರುತ್ತದೆ. ಪೆಗ್ ಹಾಕಿದರೆ ಮೀನಿನೂಟ ಕರಗುತ್ತದೆ ಅನ್ನುತ್ತಾರಲ್ಲ, ಆಗುವುದು ಅದರ ಉಲ್ಟಾ.

ಈಗ ತೂಕ ಯಾಕೆ ಏರುತ್ತದೆ ಅಂತ ಕೇಳು. ನಿನ್ನ ಕ್ವಾರ್ಟರ್ ಬಾಟಲಿ 180 ಎಂ.ಎಲ್. ಅದರ ಮೇಲೆ 42.8 ಪರ್ಸೆಂಟ್ ಅಂತ ಬರೆದಿರುತ್ತದೆ. ಲೆಕ್ಕ ಹಾಕಿದರೆ ಒಳಗಿರುವ ಶುದ್ಧ ಆಲ್ಕೋಹಾಲ್ ಹೆಚ್ಚುಕಮ್ಮಿ 60 ಗ್ರಾಂ. ಗ್ರಾಮಿಗೆ 7 ಕ್ಯಾಲೊರಿ. ಅಂದರೆ ಒಂದು ಕ್ವಾರ್ಟರಿಗೆ 420ರ ಆಸುಪಾಸು. ಅದು ನಿಂತಿತು, ಸರಿ. ಆದರೆ ನೀನು ಈಗ ದಿನಕ್ಕೆ ಎಷ್ಟು ಚಾ ಕುಡಿಯುತ್ತೀಯಾ? ಬಿಟ್ಟ ಹೊಸತರಲ್ಲಿ ದಿನಕ್ಕೆ ಹತ್ತು ಚಾ ಕುಡಿಯುವವರು ಬೇಕಾದಷ್ಟು ಜನ ಇದ್ದಾರೆ. ಒಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ 20 ಚಮಚ. ಚಮಚಕ್ಕೆ 5 ಗ್ರಾಂ ಹಿಡಿದರೆ 100 ಗ್ರಾಂ ಸಕ್ಕರೆ. ಅದೇ 400 ಕ್ಯಾಲೊರಿ ಆಯ್ತು. ಹಾಲಿನದ್ದು ಬೇರೆ, ಜೊತೆಗೆ ತಿನ್ನುವ ಖಾರಿ, ಬನ್ಸ್ ಬೇರೆ. ಕ್ವಾರ್ಟರಿನ ಕ್ಯಾಲೊರಿ ಪೂರ್ತಿ ಚಾ ಗ್ಲಾಸಿನಲ್ಲೇ ವಾಪಸ್ ಬಂತು.

ಇನ್ನೊಂದು. ಕುಡಿಯುವಾಗ ಊಟ ಸರಿ ಇರುತ್ತಿರಲಿಲ್ಲ ಅಲ್ವಾ? ರಾತ್ರಿ ತಟ್ಟೆ ಮುಚ್ಚಿಟ್ಟಿದ್ದು ಬೆಳಿಗ್ಗೆ ಹಾಗೇ ಇರುತ್ತಿತ್ತು. ಈಗ ಹಸಿವು ಬಂದಿದೆ, ನಾಲಿಗೆಗೆ ರುಚಿ ಬಂದಿದೆ, ತಿಂದದ್ದು ಮೈಗೆ ಹತ್ತುತ್ತಿದೆ. ಜೊತೆಗೆ ಸಿಹಿ ಬೇಕು ಅನ್ನಿಸುತ್ತದೆ. ಮೆದುಳಿಗೆ ದಿನಾ ಸಿಗುತ್ತಿದ್ದ ಖುಷಿ ನಿಂತುಹೋಗಿದೆ, ಅದು ಸಕ್ಕರೆಯಲ್ಲಿ ಹುಡುಕುತ್ತದೆ. ಇದು ಬಹಳ ಜನರಿಗೆ ಆಗುವಂಥದ್ದು. ಸಿಹಿಗೆ ನಾಚಿಕೊಳ್ಳಬೇಡ. ಮೊದಲ ತಿಂಗಳುಗಳಲ್ಲಿ ಒಂದು ಜಿಲೇಬಿ ತಿಂದು ಬಾಟಲಿಯಿಂದ ದೂರ ಉಳಿದರೆ ಆ ಜಿಲೇಬಿಗೆ ನನ್ನ ಓಟು. ಆದರೆ ಚಾದ ಸಕ್ಕರೆ ಅರ್ಧ ಮಾಡು. ಅದು ನಿನಗೆ ಗೊತ್ತೇ ಆಗದೆ ಒಳಗೆ ಹೋಗುತ್ತಿರುತ್ತದೆ.

ಗ್ಯಾಸಿಗೆ ನಾನು ಮೊದಲು ಕೇಳುವ ಪ್ರಶ್ನೆ, ಕೈಯಲ್ಲಿ ಏನು ಹಿಡಿಯುತ್ತೀಯಾ? ಗ್ಲಾಸಿನ ಬದಲು ಸೋಡಾ ಬಾಟಲಿ ಹಿಡಿದವರು ಬಹಳ. ಲಿಂಬು ಸೋಡಾ, ಕೋಲಾ, ದಿನಕ್ಕೆ ಮೂರು ನಾಲ್ಕು. ಆ ಗ್ಯಾಸೇ ಹೊಟ್ಟೆಯೊಳಗೆ ಹೋಗುವುದು. ಅದರ ಬದಲು ಮುರುಗಲು ಹಣ್ಣಿನ ನೀರು ಮಾಡಿಸು, ಸಕ್ಕರೆ ಕಮ್ಮಿ. ನೀರುಮಜ್ಜಿಗೆಯೂ ಆಗುತ್ತದೆ.

ಬೈತಖೋಲ್ ಬೋಟ್ (ಕಾರವಾರ)

ದಾದಾ, ಸೋಡಾ ವಿಷಯ ಸರಿಯಾಗಿ ಹೇಳಿದಿರಿ. ಸಂಜೆ ಆದರೆ ಕೈಗೆ ಬಾಟಲಿ ಬೇಕು ಅನ್ನಿಸುತ್ತದೆ, ಅದಕ್ಕೆ ಸೋಡಾ ತಗೊಳ್ಳುತ್ತೇನೆ. ಚಾ ಲೆಕ್ಕ ನೋಡಿ ಹೆಂಡತಿಗೆ ತೋರಿಸಿದೆ.

ಆದರೆ ಒಂದು ಹೆದರಿಕೆ ಇದೆ. ನಮ್ಮ ಕೇರಿಯಲ್ಲಿ ಒಬ್ಬರಿಗೆ ಹೊಟ್ಟೆ ಊದಿ, ಸೂಜಿ ಹಾಕಿ ನೀರು ತೆಗೆಸುತ್ತಿದ್ದರು. ಅವರು ಉಳಿಯಲಿಲ್ಲ. ನನಗೂ ಅದೇ ಇರಬಹುದಾ?

ಅಂಕೋಲಾ ಸಿಸ್ಟರ್

ನಾನು ಸ್ಟಾಫ್ ನರ್ಸ್. ಈ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ರಾತ್ರಿ ಎಲ್ಲ ಒದ್ದಾಡುವವರು ಜಾಸ್ತಿ.

ಕುಡಿತ ಬಿಟ್ಟವರ ಹೊಟ್ಟೆ ದೊಡ್ಡದಾಗಲು ಕಾರಣ ಒಂದೇ ಅಲ್ಲ. ಗ್ಯಾಸ್ ಇರಬಹುದು, ಕೊಬ್ಬು ಇರಬಹುದು, ಮೈ ಹಿಡಿದಿಟ್ಟುಕೊಂಡ ನೀರು ಇರಬಹುದು, ಲಿವರ್ ಸೋತು ಹೊಟ್ಟೆಯೊಳಗೆ ತುಂಬಿದ ನೀರು ಇರಬಹುದು. ಯಾವುದು ಅಂತ ತಿಳಿಯದೆ ಔಷಧಿ ಮಾಡಬಾರದು, ಹೆದರಲೂಬಾರದು.

ಗ್ಯಾಸ್ ಆದರೆ ದಿನದೊಳಗೇ ಏರಿಳಿತ ಇರುತ್ತದೆ. ಬೆಳಿಗ್ಗೆ ಏಳುವಾಗ ಹೊಟ್ಟೆ ತಗ್ಗಿರುತ್ತದೆ, ಸಂಜೆಗೆ ತಮಟೆಯ ಹಾಗೆ ಬಿಗಿಯುತ್ತದೆ. ತೇಗು ಬಂದರೆ, ಗಾಳಿ ಹೋದರೆ ಆರಾಮ. ಕೊಬ್ಬು ನಿಧಾನಕ್ಕೆ ಬರುತ್ತದೆ, ಕೈಯಲ್ಲಿ ಹಿಡಿಯಲು ಸಿಗುತ್ತದೆ.

ಇನ್ನು ಮೈ ಹಿಡಿದಿಟ್ಟುಕೊಳ್ಳುವ ನೀರು. ಕುಡಿದಾಗ ಮೂತ್ರ ಜಾಸ್ತಿ ಹೋಗುತ್ತದೆ, ಅದು ನಿಮಗೆಲ್ಲ ಗೊತ್ತು. ಮೈಯಲ್ಲಿ ನೀರು ಉಳಿಸುವ ಒಂದು ಹಾರ್ಮೋನ್ ಇದೆ, ಅದನ್ನು ಆಲ್ಕೋಹಾಲ್ ತಡೆಯುತ್ತದೆ. ಬಿಟ್ಟ ಮೇಲೆ ಅದು ಮತ್ತೆ ಕೆಲಸ ಶುರು ಮಾಡುತ್ತದೆ, ಮೊದಮೊದಲು ಸ್ವಲ್ಪ ಜಾಸ್ತಿಯೇ. ಹೊನ್ನಾವರದ ಅಣ್ಣನಿಗೆ ಮುಖ, ಪಾದ ಊದಿದ್ದು ಇದರಿಂದಲೇ ಇರಬಹುದು. ಕೆಲವು ದಿನ, ಕೆಲವು ವಾರದಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಒಣಮೀನು, ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ ಇಳಿಯುವುದು ತಡ. ಮಳೆಗಾಲದಲ್ಲಿ ನಮ್ಮ ಕಡೆ ತಾಜಾ ಮೀನು ಸಿಗುವುದು ಕಮ್ಮಿ, ಗಂಜಿಗೆ ಒಣಮೀನೇ. ಬೈತಖೋಲ್ ಅಣ್ಣಾ, ನೀವು ಬಿಟ್ಟ ಸಮಯ ಅದೇ ಅಲ್ವಾ? ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಈಗ ನಿಮ್ಮ ಹೆದರಿಕೆ. ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದರೆ ಬೆಳಿಗ್ಗೆ ಸಂಜೆ ವ್ಯತ್ಯಾಸ ಅಷ್ಟು ಇರುವುದಿಲ್ಲ. ಹೊಟ್ಟೆ ದಿನದಿಂದ ದಿನಕ್ಕೆ ಬಿಗಿಯುತ್ತಲೇ ಹೋಗುತ್ತದೆ. ಹೊಕ್ಕುಳ ಹೊರಗೆ ಬರಬಹುದು. ಹೊಟ್ಟೆ ದೊಡ್ಡದಾಗುತ್ತದೆ, ಆದರೆ ತೋಳು, ತೊಡೆ, ಕೆನ್ನೆ ಬತ್ತುತ್ತವೆ. ಇದು ದೊಡ್ಡ ಗುರುತು. ಕಾಲಿನ ಮುಂಭಾಗದ ಎಲುಬಿನ ಮೇಲೆ, ಕಣಕಾಲಿಗಿಂತ ಸ್ವಲ್ಪ ಮೇಲೆ, ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೆ ಗುಳಿ ಹಾಗೇ ಉಳಿದರೆ ಅಲ್ಲಿ ನೀರಿದೆ ಅಂತ ಅರ್ಥ. ಗುಳಿ ಬಿದ್ದ ಕೂಡಲೇ ಲಿವರ್ ಹೋಯ್ತು ಅಂತಲ್ಲ. ಆದರೆ ತೋರಿಸಬೇಕು.

ಇವು ಕಂಡರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ: ಕಣ್ಣು ಹಳದಿ, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಹೊಟ್ಟೆನೋವಿನ ಜೊತೆ ಜ್ವರ, ಮಾತು ತಪ್ಪುವುದು, ಹಗಲು ನಿದ್ದೆ ರಾತ್ರಿ ಎಚ್ಚರ ಆಗಿ ಗೊಂದಲ, ನಾಲ್ಕೈದು ದಿನದೊಳಗೆ ಎರಡು ಮೂರು ಕೆ.ಜಿ. ತೂಕ ಏರುವುದು. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮಾಡಿಸಬೇಕಾದ್ದು ಹೊಟ್ಟೆಯ ಸ್ಕ್ಯಾನಿಂಗ್, ಲಿವರ್ ರಕ್ತಪರೀಕ್ಷೆ, ಶುಗರ್. ಸ್ಕ್ಯಾನಿಂಗಿನಲ್ಲಿ ಹೊಟ್ಟೆಯ ನೀರು ಸ್ವಲ್ಪ ಇದ್ದರೂ ಕಾಣುತ್ತದೆ. ಊಹೆ ಮಾಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಇದನ್ನು ಓದಿ "ನಾಳೆಯಿಂದ ನಾನೂ ಬಿಡುತ್ತೇನೆ" ಅನ್ನುವವರಿಗೆ ಒಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾದ ಸ್ಥಿತಿ ಇದ್ದರೆ ಮನೆಯಲ್ಲಿ ಒಬ್ಬರೇ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಏನೇನೋ ಕಾಣುವುದು, ಭ್ರಮೆ, ಜ್ವರ ಬಂದು ಜೀವಕ್ಕೇ ಅಪಾಯ ಆಗಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ.

ದಾಂಡೇಲಿ ಜಿಮ್

ಸಿಂಪಲ್ ಉಪಾಯ ಇದೆ. ದಿನಕ್ಕೆ 16 ತಾಸು ಉಪವಾಸ ಮಾಡಿ, ಅನ್ನ ಪೂರ್ತಿ ಬಿಡಿ. ಸುಸ್ತಾದರೆ ಒಂದು ಗ್ಲುಕೋಸ್ ಬಾಟಲಿ ಹಾಕಿಸಿಕೊಳ್ಳಿ. ಒಂದು ತಿಂಗಳಲ್ಲಿ ಹೊಟ್ಟೆ ಮಾಯ.

ಅಘನಾಶಿನಿ ದಡ (ಕುಮಟಾ)

ಬೇಡ ತಮ್ಮಾ. ನಿನ್ನ ಮನಸ್ಸು ಒಳ್ಳೆಯದೇ, ಆದರೆ ಬಿಟ್ಟ ಹೊಸತರಲ್ಲಿ ಇದು ಸರಿಯಲ್ಲ. ನಮ್ಮ ಸಭೆಗಳಲ್ಲಿ ಮೊದಲು ಹೇಳಿಕೊಡುವುದೇ ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಅಂತ. ಹಸಿದ ಹೊಟ್ಟೆಯಲ್ಲಿ ಸಂಜೆ ಆರು ಗಂಟೆಗೆ ಬಾರ್ ಮುಂದೆ ಹಾದುಹೋಗುವುದು ಅಂದರೆ ಏನು ಅಂತ ಅನುಭವಿಸಿದವರಿಗೆ ಗೊತ್ತು. ಎಷ್ಟೋ ಸಲ ಅದು ಕುಡಿಯಬೇಕು ಅನ್ನುವ ಆಸೆಯೇ ಆಗಿರುವುದಿಲ್ಲ, ಬರೀ ಹಸಿವು. ಒಂದು ತಟ್ಟೆ ಅವಲಕ್ಕಿ ತಿಂದರೆ ಅರ್ಧ ತಾಸಿನಲ್ಲಿ ಆಸೆ ಹೋಗಿರುತ್ತದೆ.

ಮೊದಲ ಕೆಲವು ತಿಂಗಳು ತೂಕ ಇಳಿಸುವ ಯೋಚನೆಯನ್ನೇ ಬದಿಗಿಡಿ. ಹೊತ್ತಿಗೆ ಸರಿಯಾಗಿ ಊಟ, ಸಂಜೆ ನಡಿಗೆ, ನಿದ್ದೆ. ಇಷ್ಟು ಹಿಡಿತಕ್ಕೆ ಬಂದ ಮೇಲೆ ತೂಕದ ವಿಷಯ.

ಅಂಕೋಲಾ ಸಿಸ್ಟರ್

ಗ್ಲುಕೋಸ್ ವಿಷಯ ನಾನು ಹೇಳಲೇಬೇಕು. ಬಹಳ ಕಾಲ ಕುಡಿದವರ ಮೈಯಲ್ಲಿ ಬಿ-1 ವಿಟಮಿನ್ ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಉಳಿದಿದ್ದ ಬಿ-1 ಕೂಡ ಖರ್ಚಾಗುತ್ತದೆ. ಮೆದುಳಿಗೆ ಪೆಟ್ಟು ಬಿದ್ದು ಗೊಂದಲ, ಕಣ್ಣು ಓಲಾಡುವುದು, ನಡಿಗೆ ತಪ್ಪುವುದು ಆಗಬಹುದು. ಸುಸ್ತು ಅಂತ ಯಾವುದೇ ಕ್ಲಿನಿಕ್ಕಿಗೆ ಹೋದರೂ "ನಾನು ಇಷ್ಟು ಕುಡಿಯುತ್ತಿದ್ದೆ, ಇಂಥ ಹೊತ್ತಿಗೆ ಬಿಟ್ಟೆ" ಅಂತ ಮೊದಲು ಹೇಳಿ. ಮುಚ್ಚಿಟ್ಟರೆ ಅವರಿಗೂ ಗೊತ್ತಾಗುವುದಿಲ್ಲ.

ತುಂಬ ಸೊರಗಿದವರು ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ತಿನ್ನುವುದೂ ತಪ್ಪು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಇಳಿದು ತೊಂದರೆ ಆಗುತ್ತದೆ, ಕಾಲು ಊದುತ್ತದೆ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ. ಕುಚ್ಚಲಕ್ಕಿ ಗಂಜಿ, ಬೇಯಿಸಿದ ಮೊಟ್ಟೆ, ಮೀನಿನ ಸಾರು. ಲಿವರ್ ತೊಂದರೆ ಇದ್ದವರು ಮೀನು, ಮೊಟ್ಟೆ, ಬೇಳೆ ಬಿಡಬೇಕು ಅನ್ನುವುದು ಹಳೆಯ ಮಾತು. ಮೈಯ ಮಾಂಸಖಂಡ ಕರಗದಿರಲು ಅದು ಬೇಕು. ರಾತ್ರಿ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಲು ಅವರಿಗೆ ಡಾಕ್ಟರೇ ಹೇಳುತ್ತಾರೆ. ಬಳಚು, ಶೆಟ್ಲಿ ತಿನ್ನುವವರು ಚೆನ್ನಾಗಿ ಬೇಯಿಸಿ ತಿನ್ನಿ. ಅರೆಬೆಂದ ಚಿಪ್ಪುಮೀನಿನ ರೋಗಾಣು ಲಿವರ್ ಕೆಟ್ಟವರಿಗೆ ಪ್ರಾಣಾಪಾಯ ತರಬಲ್ಲದು.

ಶಿರಸಿ ತೋಟದಮನೆ

ನಾನು ಕುಡಿಯುವವಳಲ್ಲ. ನಮ್ಮನೆಯವರು ಬಿಟ್ಟಿದ್ದಾರೆ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರು. ಈಗ ಶಿಬಿರದಲ್ಲಿ ಬಿಟ್ಟವರು ಸೇರುವ ನವಜೀವನ ಸಮಿತಿಯ ಸಭೆಗೂ ಹೋಗುತ್ತಾರೆ.

ಅವರು ಕಡ್ಡಿಯಾಗಿದ್ದರು. ಈಗ ಮೈ ಬಂದಿದೆ, ಕೆನ್ನೆ ತುಂಬಿದೆ. ನನಗೆ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಯಾರ ಮನೆಯ ಕಾರ್ಯಕ್ಕೆ ಹೋದರೂ ಜನ "ಹೊಟ್ಟೆ ಬಂತಲ್ಲೋ" ಅನ್ನುತ್ತಾರೆ. ಅವರು ಅಂಗಿ ಮೇಲೆತ್ತಿ ಕನ್ನಡಿ ನೋಡಿಕೊಳ್ಳುವುದನ್ನು ಕಂಡಿದ್ದೇನೆ. ರಾತ್ರಿ ಊಟ ಬೇಡ ಅನ್ನಲು ಶುರು ಮಾಡಿದ್ದಾರೆ. ಆಲೆಮನೆ ಶುರುವಾದ ಮೇಲೆ ಮನೆಯಲ್ಲಿ ಜೋನಿ ಬೆಲ್ಲ, ತೊಡದೇವು ಇದ್ದೇ ಇರುತ್ತದೆ, ಬೆಲ್ಲ ಕಂಡರೆ ಬಿಡುವುದಿಲ್ಲ.

ನನ್ನ ಪ್ರಶ್ನೆ ಬೇರೆ. ಗ್ಯಾಸಿಗೆ ಅಂತ ಅತ್ತೆ ಪೇಟೆಯಿಂದ ಕುಮಾರ್ಯಾಸವ ತರಿಸಿದ್ದಾರೆ. ಮಲಬದ್ಧತೆಗೆ ಅಭಯಾರಿಷ್ಟ. ಅಮೃತಬಳ್ಳಿ ಕಷಾಯ ದಿನಾ ಬೆಳಿಗ್ಗೆ. ಲಿವರಿಗೆ ಒಳ್ಳೆಯದು ಅಂತಾರೆ. ಕೊಡಬಹುದಾ?

ಅಘನಾಶಿನಿ ದಡ (ಕುಮಟಾ)

ತಂಗೀ, ಆಸವ, ಅರಿಷ್ಟ ಯಾವುದೂ ಕೊಡಬೇಡ. ಅವು ಹುಳಿ ಬರಿಸಿ ಮಾಡುವ ಔಷಧಿ, ಅದರಲ್ಲಿ ತಾನಾಗಿ ಆಲ್ಕೋಹಾಲ್ ಹುಟ್ಟಿರುತ್ತದೆ. ಬಾಟಲಿಯ ಚೀಟಿ ಓದು, ಪರ್ಸೆಂಟ್ ಬರೆದಿರುತ್ತದೆ. ಎಷ್ಟೋ ಸ್ಟ್ರಾಂಗ್ ಬಿಯರಿಗೂ ಅಷ್ಟೇ ಇರುವುದು. ಎರಡು ಚಮಚ ಅಂತ ಶುರುವಾಗುತ್ತದೆ. ನಾಲಿಗೆಗೆ ಆ ರುಚಿ ಹತ್ತಿದರೆ ಮೈ ಹಳೆಯದನ್ನು ನೆನೆಯುತ್ತದೆ. ಕೆಮ್ಮಿನ ಸಿರಪ್ ತಗೊಳ್ಳುವಾಗಲೂ ಚೀಟಿ ನೋಡಬೇಕು.

ಹೊನ್ನಾವರ ಲಾರಿ

ಇದು ನನಗೆ ಡಾಕ್ಟರ್ ಬಹಳ ಖಡಕ್ಕಾಗಿ ಹೇಳಿದ್ದರು. ಮತ್ತೆ ಕುಡಿಯದಿರಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನಾನು ತಗೊಳ್ಳುತ್ತೇನೆ. ಅದರ ಮೇಲೆ ಆಲ್ಕೋಹಾಲ್ ಬಿದ್ದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಬಂದು ಬಿ.ಪಿ. ಇಳಿಯುತ್ತದೆ. ಅರಿಷ್ಟ, ಕೆಲವು ಸಿರಪ್ ಕೂಡ ಸಾಕು ಅಂದರು. ಅಕ್ಕಾ, ಅವರು ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ನೋಡಿ.

ಅಂಕೋಲಾ ಸಿಸ್ಟರ್

ಹೊನ್ನಾವರದ ಅಣ್ಣ ಸರಿಯಾಗಿ ಹೇಳಿದರು. ಆ ಮಾತ್ರೆಯನ್ನು ಯಾರದೇ ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡುವುದು ಅಪಾಯ. ಲಿವರ್ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ, ಬೇರೆ ಮಾತ್ರೆ ಇವೆ.

ಅಮೃತಬಳ್ಳಿ ಬಗ್ಗೆ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಬಳ್ಳಿ, ಅದರಿಂದ ಏನಾಗುತ್ತದೆ ಅನ್ನಿಸುತ್ತದೆ. ಆದರೆ ದಿನಾ ಕುಡಿದ ಕೆಲವರಿಗೆ ಲಿವರ್ ಉರಿಯೂತ ಆದದ್ದನ್ನು ನಮ್ಮ ದೇಶದ ಡಾಕ್ಟರುಗಳೇ 2021ರಲ್ಲಿ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಲಿವರಿನ ಮೇಲೆ ಅದು ಬೇಡ. "ಲಿವರ್ ಟಾನಿಕ್" ಅಂತ ಚೀಟಿಯೇ ಇಲ್ಲದ ಪುಡಿ ಮಾರುತ್ತಾರಲ್ಲ, ಅದಂತೂ ಬೇಡವೇ ಬೇಡ. ಜೀರಿಗೆ ಕಷಾಯ, ಶುಂಠಿ ತಂಬುಳಿ, ಒಂದೆಲಗದ ತಂಬುಳಿ ಧಾರಾಳ ಮಾಡಿ. ಅಪ್ಪೆಹುಳಿಗೆ ಉಪ್ಪು ಕಮ್ಮಿ ಹಾಕಿ. ಹಾಲು ಕುಡಿದಾಗಲೇ ಹೊಟ್ಟೆ ಉಬ್ಬಿದರೆ ಕೆಲವು ವಾರ ಹಾಲು ಬಿಟ್ಟು ಮಜ್ಜಿಗೆ ಕೊಟ್ಟು ನೋಡಿ. ಕರುಳಿನ ಪದರ ನೊಂದಿರುವಾಗ ಹಾಲಿನ ಸಕ್ಕರೆ ಅರಗುವುದಿಲ್ಲ. ಮೊಳಕೆಕಾಳು, ಹಸಿ ತರಕಾರಿ ಒಮ್ಮೆಲೇ ಜಾಸ್ತಿ ಬೇಡ.

ಗ್ಯಾಸಿಗೆ ನೀರಿನಲ್ಲಿ ಬುರುಬುರು ಅನ್ನುವ ಪುಡಿ ಕುಡಿಯುತ್ತಾರಲ್ಲ, ಅದರಲ್ಲಿ ಸೋಡಿಯಂ ಬಹಳ. ಕಾಲು ಊದಿದವರು, ಹೊಟ್ಟೆಯಲ್ಲಿ ನೀರಿರುವವರು ಅದನ್ನು ಮುಟ್ಟಬಾರದು. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಳ್ಳುವುದೂ ಬೇಡ. ಹೊಟ್ಟೆ ಹುಣ್ಣಾಗಿ ರಕ್ತ ಬರಬಹುದು, ಕಿಡ್ನಿಗೂ ಕೆಟ್ಟದ್ದು.

ನಿಮ್ಮನೆಯವರಿಗೆ ಮೈ ಬಂದಿದೆ ಅಂದಿರಲ್ಲ. ತೋಳಿಗೂ ಬಂದಿದೆಯಾ? ತೋಳು, ತೊಡೆ, ಕೆನ್ನೆ ಎಲ್ಲ ಕಡೆ ಬಂದಿದ್ದರೆ ಅದು ಹೆಚ್ಚಾಗಿ ಆರೋಗ್ಯದ ತೂಕ.

ಶಿರಸಿ ತೋಟದಮನೆ

ತೋಳಿಗೂ ಬಂದಿದೆ ಸಿಸ್ಟರ್. ಗೊನೆ ಹೊರುತ್ತಾರೆ ಈಗ. ಆಸವದ ಬಾಟಲಿ ತೆಗೆದಿಟ್ಟೆ, ಅತ್ತೆಗೂ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ, ಪಾಪ.

ಯಲ್ಲಾಪುರ ಘಟ್ಟ

ನನ್ನದು ಸ್ವಲ್ಪ ಬೇರೆ. ಬಿಟ್ಟ ಮೇಲೆ ನಿದ್ದೆ ಬರುತ್ತಿಲ್ಲ ಅಂತ ರಾತ್ರಿ ಮಾತ್ರೆ ಕೊಟ್ಟಿದ್ದಾರೆ. ಅದು ಶುರುವಾದ ಮೇಲೆ ಹಸಿವು ತಡೆಯಲು ಆಗುತ್ತಿಲ್ಲ. ನಡುರಾತ್ರಿ ಎದ್ದು ತಿನ್ನುತ್ತೇನೆ. ಮಾತ್ರೆ ನಿಲ್ಲಿಸಲಾ?

ಅಂಕೋಲಾ ಸಿಸ್ಟರ್

ನೀವಾಗಿ ನಿಲ್ಲಿಸಬೇಡಿ. ಮಿರ್ಟಾಜಪೀನ್, ಒಲಾಂಜಪೀನ್, ಕ್ವಿಟಿಯಾಪೀನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಹಸಿವು, ತೂಕ ಏರುವುದು ಗೊತ್ತಿರುವ ವಿಷಯ. ಚೀಟಿ ತಗೊಂಡು ಡಾಕ್ಟರ ಹತ್ತಿರ ಹೋಗಿ, "ತೂಕ ಇಷ್ಟು ಏರಿದೆ, ಬದಲಾಯಿಸಬಹುದಾ" ಅಂತ ಬಾಯಿಬಿಟ್ಟು ಕೇಳಿ. ಬದಲಾಯಿಸಲು ದಾರಿ ಇದೆ. ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಬಾಟಲಿ ನೆನಪಾಗುತ್ತದೆ.

ಬೈತಖೋಲ್ ಬೋಟ್ (ಕಾರವಾರ)

ಸ್ಕ್ಯಾನಿಂಗ್ ಮಾಡಿಸಿದೆ. ಹೊಟ್ಟೆಯಲ್ಲಿ ನೀರಿಲ್ಲ. ಫ್ಯಾಟಿ ಲಿವರ್, ಗ್ರೇಡ್ ಒಂದು ಅಂತ ಬಂದಿದೆ. ಶುಗರ್ ಗಡಿಯಲ್ಲಿದೆ. ಡಾಕ್ಟರ್, "ಹೀಗೇ ಕುಡಿಯದೆ ಇದ್ದರೆ ಲಿವರಿನ ಕೊಬ್ಬು ಇಳಿಯುತ್ತದೆ" ಅಂದರು. ಸೋಡಾ ಬಿಟ್ಟಿದ್ದೇನೆ. ರಾತ್ರಿ ಉಬ್ಬರ ಕಮ್ಮಿ ಆಗಿದೆ. ಹೊಟ್ಟೆ ಸುತ್ತಳತೆ ಮಾತ್ರ ಹಾಗೇ ಇದೆ.

ಅಘನಾಶಿನಿ ದಡ (ಕುಮಟಾ)

ಬಹಳ ಖುಷಿಯಾಯಿತು ತಮ್ಮಾ. ಕುಡಿತ ಬಿಟ್ಟ ಕೆಲವು ವಾರಗಳಲ್ಲೇ ಲಿವರಿನ ಕೊಬ್ಬು ಕರಗಲು ಶುರುವಾಗುತ್ತದೆ, ಹೊರಗಿನ ಹೊಟ್ಟೆಗೆ ಇನ್ನೂ ಸಮಯ ಬೇಕು. ಟೇಪು ದಿನಾ ಹಿಡಿಯಬೇಡ. ವಾರಕ್ಕೊಮ್ಮೆ, ಬೆಳಿಗ್ಗೆ ಸಂಡಾಸಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಹೊಕ್ಕುಳದ ಮಟ್ಟದಲ್ಲಿ ಅಳೆ. ತೂಕವೂ ಅದೇ ಯಂತ್ರದಲ್ಲಿ. ಸಂಜೆ ಟಾಗೋರ್ ಬೀಚಿನಲ್ಲಿ ನಡೆ. ಬಾರ್ ತೆರೆದಿರುವ ಹೊತ್ತಿಗೆ ನೀನು ಮರಳಿನ ಮೇಲೆ ಇರಬೇಕು, ನಡಿಗೆಯ ಲಾಭ ಹೊಟ್ಟೆಗಿಂತ ಮೊದಲು ಅಲ್ಲೇ ಸಿಗುತ್ತದೆ.

ಕಾಳಿ ಹೊಳೆ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಹೆಂಗಸು, ಕಾರವಾರದವಳು. ನಾನೂ ಕುಡಿಯುತ್ತಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಿಟ್ಟದ್ದೂ ಗೊತ್ತಿಲ್ಲ. ಈಗ ಹೊಟ್ಟೆ ಉಬ್ಬಿರುವುದು ನೋಡಿ ಎಲ್ಲರೂ "ಏನಾದರೂ ವಿಶೇಷ ಇದೆಯಾ" ಅಂತ ಕೇಳುತ್ತಾರೆ. ನಗುತ್ತಾ ಇಲ್ಲ ಅನ್ನುತ್ತೇನೆ, ಒಳಗೆ ಬಂದು ಅಳುತ್ತೇನೆ. ಮುಟ್ಟೂ ಹಿಂದೆ ಮುಂದೆ ಆಗುತ್ತಿದೆ. ಯಾರ ಹತ್ತಿರ ಹೋಗಲಿ? ಈ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಅಂಕೋಲಾ ಸಿಸ್ಟರ್

ತಂಗೀ, ಇಲ್ಲಿ ಬರೆದದ್ದಕ್ಕೆ ಅಪ್ಪಿಕೊಳ್ಳಬೇಕು ಅನ್ನಿಸಿತು. ನಮ್ಮ ಅಂಕೋಲೆಯಲ್ಲಿ ಸಾರಾಯಿ ವಿರುದ್ಧ ಮುಂದೆ ನಿಂತವರು ಹೆಂಗಸರು. ಬಡಗೇರಿಯ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಬಂತಲ್ಲ, ಆ ಅಜ್ಜಿ ಹಾಡಿಗೆ ಎಷ್ಟು ಹೆಸರಾದವರೋ ಈ ಹೋರಾಟಕ್ಕೂ ಅಷ್ಟೇ. ಅವರನ್ನು ಎಷ್ಟು ನೆನೆದರೂ ಕಮ್ಮಿ. ಆದರೆ ಅದರಿಂದ ನಮ್ಮ ಮನಸ್ಸಿನಲ್ಲಿ ಹೆಂಗಸು ಅಂದರೆ ಬಿಡಿಸುವವಳು ಅಂತ ಮಾತ್ರ ಕೂತಿದೆ. ಬಿಡುವ ಹೆಂಗಸಿಗೂ ಕೈ ಹಿಡಿಯುವವರು ಬೇಕು ಅಂತ ನಾವು ಮಾತಾಡುವುದೇ ಇಲ್ಲ.

ಹೆಂಗಸರ ಮೈಯಲ್ಲಿ ನೀರಿನ ಪಾಲು ಕಮ್ಮಿ. ಅಷ್ಟೇ ಕುಡಿದರೂ ರಕ್ತದಲ್ಲಿ ಜಾಸ್ತಿ ಏರುತ್ತದೆ, ಲಿವರಿಗೆ ಬೇಗ ಪೆಟ್ಟು ಬೀಳುತ್ತದೆ. ಹಾಗಾಗಿ "ನಾನು ಸ್ವಲ್ಪವೇ ಕುಡಿಯುತ್ತಿದ್ದೆ" 
ಅಂತ ಪರೀಕ್ಷೆ ಬಿಡಬೇಡಿ. ಕುಡಿತ ಮುಟ್ಟಿನ ಹಾರ್ಮೋನನ್ನೂ ಏರುಪೇರು ಮಾಡುತ್ತದೆ, ಸರಿಹೋಗಲು ಸಮಯ ಬೇಕು. ಆದರೂ ಮುಟ್ಟು ತಪ್ಪಿದ್ದರೆ ಮೊದಲು ಗರ್ಭಪರೀಕ್ಷೆಯ ಕಿಟ್ ತಂದು ನೋಡಿಕೊಳ್ಳಿ. ಉಬ್ಬರ ವಾರಗಟ್ಟಲೆ ದಿನಾ ಇದ್ದರೆ ಸ್ಕ್ಯಾನಿಂಗಿನಲ್ಲಿ ಲಿವರಿನ ಜೊತೆ ಗರ್ಭಕೋಶ, ಅಂಡಾಶಯ ನೋಡಲೂ ಹೇಳಿ. ಹೆಂಗಸರಲ್ಲಿ ಬಿಡದೆ ಕಾಡುವ ಉಬ್ಬರಕ್ಕೆ ಅಂಡಾಶಯವೂ ಕಾರಣ ಇರಬಹುದು, ಬೇಗ ಗೊತ್ತಾದರೆ ಒಳ್ಳೆಯದು.

ಕಾಳಿ ಹೊಳೆ

ಡಾಕ್ಟರಿಗೆ ಹೇಳಿದರೆ ಮನೆಗೆ ಗೊತ್ತಾಗುವುದಿಲ್ಲವೇ?

ಅಂಕೋಲಾ ಸಿಸ್ಟರ್

ನೀವು ಹೇಳಿದ್ದನ್ನು ಮನೆಯವರಿಗೆ ತಿಳಿಸದಿರುವುದು ಡಾಕ್ಟರ ಕರ್ತವ್ಯ. ಒಳಗೆ ಹೋಗುವಾಗ ಒಬ್ಬರೇ ಹೋಗಿ. ಜೊತೆಗೆ ಯಾರಾದರೂ ಬಂದಿದ್ದರೆ "ಒಬ್ಬಳೇ ಮಾತಾಡಬೇಕು" ಅನ್ನಿ, ಅವರನ್ನು ಹೊರಗೆ ಕೂರಿಸುತ್ತಾರೆ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಕ್ರಿಮ್ಸ್ ಇದೆ. ಊರಿನಲ್ಲಿ ಮುಖ ಗುರುತು ಸಿಗುತ್ತದೆ ಅಂತ ಸಂಕೋಚ ಇದ್ದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಬಹುದು.

ಅದಕ್ಕೂ ಮೊದಲು ಯಾರ ಹತ್ತಿರವಾದರೂ ಬರೀ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ-ಮಾನಸ್. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬರೀ ಕುಡಿತ, ಚಟದ ವಿಷಯಕ್ಕೆ 14446 ಇದೆ.

ಒಂದು ಕೇಳಬೇಕಿತ್ತು. ಬಿಟ್ಟಾಗ ಕೈನಡುಕ, ಬೆವರು, ಫಿಟ್ಸ್ ಏನಾದರೂ ಆಗಿತ್ತಾ? ಕಣ್ಣು ಹಳದಿ ಇದೆಯಾ? ಕಾಲಿನ ಮೇಲೆ ಒತ್ತಿ ನೋಡಿದಿರಾ?

ಕಾಳಿ ಹೊಳೆ

ಎರಡು ದಿನ ಬೆವರು ಬಂದಿತ್ತು, ಫಿಟ್ಸ್ ಇಲ್ಲ. ಕಣ್ಣು ಬೆಳ್ಳಗೇ ಇದೆ. ಈಗ ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. ಸೋಮವಾರ ಹೋಗುತ್ತೇನೆ.

ಅಂಕೋಲಾ ಸಿಸ್ಟರ್

ಸರಿ. ಬೆಳಿಗ್ಗೆ ಏನೂ ತಿನ್ನದೆ ಹೋಗಿ, ಶುಗರಿಗೂ ಸ್ಕ್ಯಾನಿಂಗಿಗೂ ಅದು ಬೇಕಾಗುತ್ತದೆ. ಗರ್ಭಕೋಶ ನೋಡಲು ಮೂತ್ರ ತುಂಬಿರಬೇಕು, ಒಂದು ಬಾಟಲಿ ನೀರು ಜೊತೆಗಿಟ್ಟುಕೊಳ್ಳಿ. ಕಡೆಯ ಮುಟ್ಟಿನ ತಾರೀಖು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಕೇಳುತ್ತಾರೆ.